ಗಾಳಿಗೆ ಬಾಗಿಲು ಹಾಕುವ ಯಂತ್ರ

ಬಿರಡೆ ತೆಗೆದ ವೈನ್ ಬಾಟಲಿಗೆ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಆಯುಸ್ಸಿಲ್ಲ. ಮೊದಲ ಸಂಜೆ ಹಣ್ಣಿನ ಘಮವಿರುತ್ತದೆ. ಮರುದಿನ ಅದು ತುಸು ಮಂಕಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಹಣ್ಣಾಗಿ ಕಳಿತ ಸೇಬಿನ ವಾಸನೆಯೋ ಹುಳಿಯ ಘಾಟೋ ಮೂಗಿಗೆ ಬಡಿಯುತ್ತದೆ. ನಾಲ್ಕು ಜನ ಊಟಕ್ಕೆ ಕೂತ ಮನೆಯಲ್ಲಿ ಇದು ಸಮಸ್ಯೆಯೇ ಅಲ್ಲ. 750 ಮಿಲಿಲೀಟರ್ ಮುಗಿಯಲು ಒಂದು ಊಟ ಸಾಕು. ಕಷ್ಟ ಇರುವುದು ಮಾರುವವನಿಗೆ. ಇಪ್ಪತ್ತು ಬಗೆಯ ವೈನಿನ ರುಚಿ ತೋರಿಸಬೇಕೆಂದರೆ ಅವನು ಇಪ್ಪತ್ತು ಬಾಟಲಿ ತೆರೆಯಬೇಕು, ಗಿರಾಕಿ ಬಾರದಿದ್ದರೆ ಇಪ್ಪತ್ತನ್ನೂ ಚೆಲ್ಲಬೇಕು. ಆದ್ದರಿಂದ ಅಗ್ಗದ ಎರಡು ಮೂರನ್ನು ತೆರೆದಿಟ್ಟು, ಒಳ್ಳೆಯದನ್ನೆಲ್ಲ ಕಪಾಟಿನಲ್ಲಿ ಮುಚ್ಚಿಯೇ ಇಡುತ್ತಾನೆ. ಕೊಳ್ಳುವವರು ಬಾಟಲಿಯ ಮೇಲೆ ಅಂಟಿಸಿದ ಚೀಟಿಯನ್ನಷ್ಟೇ ನಂಬಿ ದುಡ್ಡು ಕೊಡಬೇಕು.

ಸ್ಪೇನಿನ ಪೂರ್ವ ಕರಾವಳಿಯ ವಲೆನ್ಸಿಯಾದಲ್ಲಿ ಈ ಕಷ್ಟವನ್ನು ದಾಟಿದ ಒಂದು ಅಂಗಡಿ ನನಗೆ ಅಕಸ್ಮಾತ್ತಾಗಿ ಸಿಕ್ಕಿತು. ಆ ಊರಿನ ಹಳೆಯ ಪೇಟೆಯ ನಡುವೆ, 1928ರಲ್ಲಿ ಉದ್ಘಾಟನೆಯಾದ ಸೆಂಟ್ರಲ್ ಮಾರುಕಟ್ಟೆ ಇದೆ. ಕಬ್ಬಿಣ, ಗಾಜು, ಬಣ್ಣದ ಹೆಂಚುಗಳಿಂದ ಕಟ್ಟಿದ ಅದರ ಗುಮ್ಮಟದಡಿ ಮೀನು, ಕಿತ್ತಳೆ, ಒಣಗಿಸಿದ ಹಂದಿಮಾಂಸ ಎಲ್ಲವೂ ಉಂಟು. ಎದುರಿಗೇ ಹದಿನೈದನೆಯ ಶತಮಾನದ ರೇಷ್ಮೆ ವ್ಯಾಪಾರಿಗಳ ಕಲ್ಲಿನ ಚಾವಡಿ. ಹಿಂಬದಿಯ ಒಂದು ಓಣಿಯಲ್ಲಿ ಒಳಹೊಕ್ಕರೆ ಮಾರುವವರ ಮೇಜೇ ಕಾಣದ ಆ ಅಂಗಡಿ. ಗೋಡೆಯುದ್ದಕ್ಕೂ ಉಕ್ಕಿನ ಪೆಟ್ಟಿಗೆಗಳು, ಅವುಗಳ ಗಾಜಿನ ಹಿಂದೆ ಸಾಲಾಗಿ ನಿಂತ ಬಾಟಲಿಗಳು, ಒಂದೊಂದರ ಮೇಲೂ ಪುಟ್ಟ ಕೊಳವೆಮೂತಿ, ಅದರ ಪಕ್ಕ ಮೂರು ಗುಂಡಿ. ಬಾಗಿಲ ಬಳಿ ಕೂತಿದ್ದ ಹೆಂಗಸು ವಯಸ್ಸು ಹದಿನೆಂಟು ದಾಟಿದೆಯೇ ಎಂದು ಖಾತ್ರಿ ಮಾಡಿಕೊಂಡು (ಅಲ್ಲಿನ ಕಾನೂನು ಅದು), ದುಡ್ಡು ತುಂಬಿದ ಒಂದು ಕಾರ್ಡನ್ನೂ ತೊಳೆದ ಲೋಟವನ್ನೂ ಕೈಗಿಡುತ್ತಾರೆ. ಕಾರ್ಡನ್ನು ಯಂತ್ರದ ಸೀಳಿಗೆ ಹಾಕಿ, ಲೋಟವನ್ನು ಮೂತಿಯ ಕೆಳಗೆ ಹಿಡಿದು ಗುಂಡಿ ಒತ್ತಬೇಕು. ಚಿಕ್ಕ ಗುಂಡಿಗೆ ಒಂದು ಗುಟುಕು, ಸುಮಾರು 25 ಮಿಲಿಲೀಟರ್. ನಡುವಿನದಕ್ಕೆ ಅರ್ಧ ಲೋಟ. ದೊಡ್ಡದಕ್ಕೆ ಒಂದು ಪೂರ್ತಿ ಲೋಟ. ಯಾವುದಕ್ಕೆ ಎಷ್ಟು ಎಂಬ ಬೆಲೆ ಗುಂಡಿಯ ಮೇಲೆಯೇ ಬೆಳಗುತ್ತಿರುತ್ತದೆ.

ಕಾರ್ಡು, ಗುಂಡಿ, ಬೆಲೆಯ ಅಂಕಿ ಇವೆಲ್ಲ ಹೊರಗಿನ ಅಲಂಕಾರ. ಕಾಫಿ ಕೊಡುವ ಯಂತ್ರದಲ್ಲೂ ಇಷ್ಟು ಇರುತ್ತದೆ. ಈ ಯಂತ್ರದ ನಿಜವಾದ ಕೌಶಲ ಗಾಜಿನ ಹಿಂದೆ, ಬಾಟಲಿಯ ಕುತ್ತಿಗೆಯೊಳಗೆ ಅಡಗಿದೆ. ಅಲ್ಲಿ ತಿಂಗಳ ಹತ್ತಿರ ಹತ್ತಿರ ತೆರೆದಿದ್ದ ಬಾಟಲಿಯ ವೈನ್ ಹೊಸದಾಗಿ ಬಿರಡೆ ತೆಗೆದದ್ದರಂತೆ ಘಮಘಮಿಸುತ್ತದೆ. ಅದು ಹೇಗೆ ಎಂದು ತಿಳಿಯಬೇಕಾದರೆ ವೈನ್ ಕೆಡುವುದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ಬದನೆಕಾಯಿ ಹೆಚ್ಚಿದ ಕೂಡಲೇ ನೀರಿಗೆ ಹಾಕುತ್ತೇವೆ. ಹಾಗೆಯೇ ಬಿಟ್ಟರೆ ಹೋಳು ಕಂದಾಗುತ್ತದೆ. ಬದನೆಯಲ್ಲಿರುವ ಫೀನಾಲ್ ಎಂಬ ಜಾತಿಯ ರಾಸಾಯನಿಕಗಳು ಗಾಳಿಯ ಆಮ್ಲಜನಕದ ಜೊತೆ ಸೇರುವುದೇ ಇದಕ್ಕೆ ಕಾರಣ. ನೀರು ಆ ಗಾಳಿಯನ್ನು ತಡೆಯುತ್ತದೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಲ್ಲೂ ಅದೇ ಬಳಗದ ರಾಸಾಯನಿಕಗಳು ಧಾರಾಳವಾಗಿವೆ. ಕೆಂಪು ವೈನಿಗೆ ಬಣ್ಣ ಕೊಡುವುದೂ ಅವೇ, ನಾಲಿಗೆಯನ್ನು ಒಗರಾಗಿಸುವುದೂ ಅವೇ. ಬದನೆಯಲ್ಲಿ ಈ ಕೆಲಸವನ್ನು ಒಂದು ಕಿಣ್ವ ಮಿನಿಟುಗಳಲ್ಲಿ ಮುಗಿಸುತ್ತದೆ. ವೈನಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕಬ್ಬಿಣ ಮತ್ತು ತಾಮ್ರದ ಅಂಶ ಅದನ್ನು ನಿಧಾನವಾಗಿ, ದಿನಗಟ್ಟಲೆ ನಡೆಸುತ್ತದೆ. ಫೀನಾಲ್‌ಗಳು ಆಮ್ಲಜನಕದೊಡನೆ ವರ್ತಿಸಿದಾಗ ಪಕ್ಕದಲ್ಲೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಗಾಯ ತೊಳೆಯಲು ಬಳಸುವ, ಬಟ್ಟೆಯ ಬಣ್ಣ ತೆಗೆಯುವ ಅದೇ ಪೆರಾಕ್ಸೈಡ್. ಅದು ಕಬ್ಬಿಣದ ನೆರವಿನಿಂದ ಆಲ್ಕೋಹಾಲಿನ ಮೇಲೆ ಎರಗಿ ಅಸಿಟಾಲ್ಡಿಹೈಡ್ ಮಾಡುತ್ತದೆ. ಹಳಸಿದ ವೈನಿನ ಕಳಿತ ಸೇಬಿನ ವಾಸನೆ ಇದರದೇ. ವೈನ್ ತಯಾರಿಸುವವರು ಬಾಟಲಿಗೆ ತುಂಬುವ ಮೊದಲು ಬೆರೆಸುವ ಚಿಟಿಕೆ ಸಲ್ಫರ್ ಡೈಆಕ್ಸೈಡ್ ಈ ಪೆರಾಕ್ಸೈಡನ್ನು ಹುಟ್ಟುತ್ತಲೇ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಆದರೆ ಆ ಕಾವಲು ಸವೆಯುವಂಥದ್ದು. ಅದು ಮುಗಿದ ದಿನ ವೈನ್ ನಿರಾಯುಧ.

ಇನ್ನೊಂದು ಬಗೆಯ ಕೇಡನ್ನು ಲೂಯಿ ಪಾಶ್ಚರ್ 1860ರ ದಶಕದಲ್ಲಿ ಬಿಡಿಸಿ ತೋರಿಸಿದ. ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡುತ್ತವೆ, ಅಂದರೆ ವೈನನ್ನು ವಿನೆಗರ್ ಮಾಡುತ್ತವೆ. ಅವಕ್ಕೂ ಗಾಳಿ ಬೇಕು. ಎರಡು ಕೇಡಿಗೂ ಬಾಗಿಲು ಒಂದೇ.

ಆ ಬಾಗಿಲಿನಿಂದ ಎಷ್ಟು ಆಮ್ಲಜನಕ ಒಳಬರುತ್ತದೆ? ಅರ್ಧ ಖಾಲಿಯಾದ ಬಾಟಲಿಯೊಂದನ್ನು ತೆಗೆದುಕೊಳ್ಳಿ. ವೈನ್ 375 ಮಿಲಿಲೀಟರ್, ಮೇಲಿನ ಗಾಳಿಯೂ 375. ಗಾಳಿಯಲ್ಲಿ ಆಮ್ಲಜನಕ ಶೇಕಡ 21. ತೂಕ ಹಾಕಿದರೆ ಸುಮಾರು 100 ಮಿಲಿಗ್ರಾಂ. ಒಳ್ಳೆಯ ಬೆಂಡಿನ ಬಿರಡೆ ಹಾಕಿ ಮಲಗಿಸಿಟ್ಟ ಬಾಟಲಿಯೊಳಕ್ಕೆ ವರ್ಷವಿಡೀ ನುಸುಳುವ ಆಮ್ಲಜನಕ ಹೆಚ್ಚುಕಡಿಮೆ ಒಂದೆರಡು ಮಿಲಿಗ್ರಾಂ. ಅಂದರೆ ಉಳಿದರ್ಧವನ್ನು ನಾಳೆಗೆ ಎಂದು ಬಿರಡೆ ಒತ್ತಿ ಎತ್ತಿಟ್ಟಾಗ, ನೆಲಮಾಳಿಗೆಯಲ್ಲಿ ಅರ್ಧ ಶತಮಾನ ಮಲಗಿದ್ದರೂ ಸಿಗದಷ್ಟು ಆಮ್ಲಜನಕವನ್ನು ವೈನಿನ ತಲೆಯ ಮೇಲೆ ಇಟ್ಟಂತಾಯಿತು. ಬಿರಡೆ ಎಷ್ಟೇ ಬಿಗಿಯಾಗಿದ್ದರೂ ಪ್ರಯೋಜನವಿಲ್ಲ. ಕಳ್ಳ ಆಗಲೇ ಒಳಗಿದ್ದಾನೆ. ಶೀತಪೆಟ್ಟಿಗೆಯಲ್ಲಿಟ್ಟರೆ ಕ್ರಿಯೆಗಳೆಲ್ಲ ನಿಧಾನವಾಗುತ್ತವೆ ಎಂಬುದು ನಿಜ, ಅದು ಒಂದೆರಡು ದಿನದ ಲಾಭ.

ಹಾಗಾದರೆ ಖಾಲಿಯಾದ ಜಾಗವನ್ನು ಗಾಳಿಗೆ ಬಿಡದೆ ಬೇರೇನಾದರೂ ತುಂಬಬೇಕು. ಈ ಯೋಚನೆ ಹಳೆಯದು. ಇಟಲಿಯ ಹಳ್ಳಿಗಳಲ್ಲಿ ಹುಲ್ಲು ಹೆಣೆದ ಬುರುಡೆಯ ವೈನ್ ಮೇಲೆ ಒಂದು ತೆಳುಪದರ ಆಲಿವ್ ಎಣ್ಣೆ ಹೊಯ್ಯುತ್ತಿದ್ದರು. 1965ರಲ್ಲಿ ಆಸ್ಟ್ರೇಲಿಯಾದ ಥಾಮಸ್ ಆಂಗೋವ್ ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲವಿಟ್ಟು ವೈನ್ ಮಾರುವ ವಿಧಾನಕ್ಕೆ ಪೇಟೆಂಟ್ ಪಡೆದ. ವೈನ್ ಇಳಿದಂತೆ ಚೀಲವೇ ಕುಗ್ಗುತ್ತದೆ, ಗಾಳಿಗೆ ಜಾಗವೇ ಇರುವುದಿಲ್ಲ. ಅದು ನನಗೆ ಬಹಳ ಮೆಚ್ಚುಗೆಯಾದ ಉಪಾಯ. ಆದರೆ ಬೆಲೆಬಾಳುವ ವೈನನ್ನು ಯಾರೂ ಚೀಲಕ್ಕೆ ತುಂಬುವುದಿಲ್ಲ, ಗಾಜಿನ ಬಾಟಲಿಯಂತೂ ಕುಗ್ಗುವುದಿಲ್ಲ.

ಈ ಶತಮಾನದ ಆರಂಭದಲ್ಲಿ ಇಟಲಿಯ ಟಸ್ಕನಿಯ ಎನೊಮ್ಯಾಟಿಕ್ ಕಂಪನಿ ಹರಡಿದ, ಆಮೇಲೆ ಹಲವರು ತಯಾರಿಸತೊಡಗಿದ ಈ ಯಂತ್ರಗಳು ಗಾಳಿಯ ಜಾಗಕ್ಕೆ ಜಡ ಅನಿಲವನ್ನು ಕೂರಿಸುತ್ತವೆ. ಬಿರಡೆ ತೆಗೆದ ಬಾಟಲಿಯ ಬಾಯಿಗೆ ರಬ್ಬರಿನ ಒಂದು ಮುಚ್ಚಳ ಬಿಗಿಯಾಗಿ ಕೂರುತ್ತದೆ. ಅದರ ಮೂಲಕ ಎರಡು ದಾರಿ. ಒಂದು ಉದ್ದನೆಯ ಕೊಳವೆ, ಬಾಟಲಿಯ ತಳ ಮುಟ್ಟುತ್ತದೆ. ಇನ್ನೊಂದು ಗಿಡ್ಡ ದಾರಿ, ಮುಚ್ಚಳದ ಕೆಳಗೇ ಮುಗಿಯುತ್ತದೆ. ಅದರ ಇನ್ನೊಂದು ತುದಿಗೆ ಆರ್ಗಾನ್ ಅಥವಾ ಸಾರಜನಕದ ಸಿಲಿಂಡರ್. ಗುಂಡಿ ಒತ್ತಿದಾಗ ವಿದ್ಯುತ್ ಕವಾಟ ತೆರೆದು ಅನಿಲ ವೈನಿನ ತಲೆಯ ಮೇಲೆ ಒತ್ತುತ್ತದೆ, ಆ ಒತ್ತಡಕ್ಕೆ ವೈನ್ ತಳದಿಂದ ಕೊಳವೆಯಲ್ಲಿ ಏರಿ ಮೂತಿಯಿಂದ ಲೋಟಕ್ಕೆ ಬೀಳುತ್ತದೆ. ಭಾರಿ ಒತ್ತಡವೇನೂ ಬೇಕಿಲ್ಲ. ವೈನನ್ನು ಅರ್ಧ ಮೀಟರ್ ಎತ್ತರಿಸಲು ವಾಯುಮಂಡಲದ ಒತ್ತಡದ ಇಪ್ಪತ್ತನೆಯ ಒಂದು ಪಾಲು ಸಾಕು; ಹರಿವು ಸರಾಗವಾಗಲೆಂದು ಇನ್ನಷ್ಟು ಕೊಡುತ್ತಾರೆ. ಕವಾಟ ಎಷ್ಟು ಹೊತ್ತು ತೆರೆದಿರಬೇಕು ಎಂಬ ಲೆಕ್ಕದಿಂದ 25 ಮಿಲಿಲೀಟರ್ ಅಳತೆ ಬರುತ್ತದೆ.

ಸೊಗಸಿರುವುದು ಇಲ್ಲಿ: ವೈನನ್ನು ಹೊರದಬ್ಬುವ ಅನಿಲವೇ ಅದು ಬಿಟ್ಟುಹೋದ ಜಾಗವನ್ನು ತುಂಬುತ್ತದೆ. ತಳ್ಳುವುದೂ ಕಾಯುವುದೂ ಒಂದೇ ಕ್ರಿಯೆ. ಬಾಟಲಿಯನ್ನು ಬಗ್ಗಿಸುವುದೇ ಇಲ್ಲವಾದ್ದರಿಂದ ಗಾಳಿ ಗುಳುಗುಳು ಎಂದು ಒಳನುಗ್ಗುವ ಸಂದರ್ಭವೇ ಬರುವುದಿಲ್ಲ. ಬಾಟಲಿ ಹೂಡುವಾಗ ಕುತ್ತಿಗೆಯಲ್ಲಿ ಉಳಿಯುವ ನಾಲ್ಕೈದು ಮಿಲಿಲೀಟರ್ ಗಾಳಿಯಲ್ಲಿ ಆಮ್ಲಜನಕ ಒಂದು ಮಿಲಿಗ್ರಾಂ ಆಸುಪಾಸು. ನೂರು ಎಲ್ಲಿ, ಒಂದು ಎಲ್ಲಿ!

ಆರ್ಗಾನ್ ಗಾಳಿಗಿಂತ ಭಾರ, ಆದ್ದರಿಂದ ವೈನಿನ ಮೇಲೆ ಹೊದಿಕೆಯಂತೆ ಮಲಗುತ್ತದೆ ಎಂಬ ವಿವರಣೆಯನ್ನು ಇಂಥ ಅಂಗಡಿಗಳಲ್ಲಿ ಆಗಾಗ ಹೇಳುತ್ತಾರೆ. ಭಾರ ನಿಜ; ಅದರ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 1.4 ಪಟ್ಟು. ಹೊದಿಕೆಯ ಮಾತು ಪೂರ್ತಿ ನಿಜವಲ್ಲ. ಅನಿಲಗಳ ಅಣುಗಳು ಎಡೆಬಿಡದೆ ಓಡಾಡುತ್ತ ಒಂದರೊಳಗೊಂದು ಬೆರೆಯುತ್ತವೆ. ತೆರೆದ ಬಾಟಲಿಗೆ ಒಂದಿಷ್ಟು ಆರ್ಗಾನ್ ಊದಿ ಸುಮ್ಮನಾದರೆ ಸ್ವಲ್ಪ ಹೊತ್ತಿನಲ್ಲೇ ಆಮ್ಲಜನಕ ಅದರೊಳಗೆ ಕಲೆತು ವೈನಿನ ಮೇಲ್ಮೈ ತಲುಪುತ್ತದೆ. ಯಂತ್ರ ಗೆಲ್ಲುವುದು ಬಾಟಲಿಯ ಬಾಯಿ ಮುಚ್ಚಿ ಆಮ್ಲಜನಕವನ್ನು ಹೊರಗೇ ನಿಲ್ಲಿಸುವುದರಿಂದ. ಅದೇ ಕಾರಣಕ್ಕೆ ಆರ್ಗಾನಿಗಿಂತ ಹಗುರವಾದ ಸಾರಜನಕವೂ ಇಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಗಾಳಿಯ ಶೇಕಡ 78 ಭಾಗ ಅದೇ ಆಗಿರುವುದರಿಂದ, ಸಿಲಿಂಡರ್ ತರಿಸದೆ ಅಂಗಡಿಯಲ್ಲೇ ಗಾಳಿಯನ್ನು ಸೋಸಿ ತೆಗೆಯುವ ಸಣ್ಣ ಯಂತ್ರಗಳೂ ಇವೆ.

ಆರ್ಗಾನ್ ಗಾಳಿಯಲ್ಲಿ ಶೇಕಡ 0.93ರಷ್ಟಿದೆ. ಗಾಳಿಯನ್ನು ದ್ರವವಾಗುವ ತನಕ ತಂಪು ಮಾಡಿ, ಆಮೇಲೆ ನಿಧಾನವಾಗಿ ಕುದಿಸಿ ಅದನ್ನು ಬೇರ್ಪಡಿಸುತ್ತಾರೆ. ಆಮ್ಲಜನಕ ಕುದಿಯುವುದು ಮೈನಸ್ 183 ಡಿಗ್ರಿಯಲ್ಲಿ, ಆರ್ಗಾನ್ ಮೈನಸ್ 186ರಲ್ಲಿ. ಮೂರೇ ಡಿಗ್ರಿಯ ಅಂತರದಲ್ಲಿ ಇವೆರಡನ್ನು ಬಿಡಿಸಲು ಬಹಳ ಎತ್ತರದ ಗೋಪುರಗಳು ಬೇಕು. ಉಸಿರಾಟದಲ್ಲಿ ದಿನವೂ ಒಳಹೊರಗೆ ಓಡಾಡುವ ಈ ಅನಿಲ ಇದೆಯೆಂದೇ 1894ರವರೆಗೆ ಯಾರಿಗೂ ತಿಳಿದಿರಲಿಲ್ಲ. ಗಾಳಿಯಿಂದ ತೆಗೆದ ಸಾರಜನಕ, ಅಮೋನಿಯಾದಿಂದ ತಯಾರಿಸಿದ ಸಾರಜನಕಕ್ಕಿಂತ ಶೇಕಡ ಅರ್ಧದಷ್ಟು ಹೆಚ್ಚು ತೂಗುತ್ತದೆ ಎಂಬುದನ್ನು ಲಾರ್ಡ್ ರ‍್ಯಾಲಿ ಗಮನಿಸಿದ. ಬೇರೆಯವರು ಅಳತೆಯ ದೋಷವೆಂದು ಬಿಟ್ಟುಬಿಡುವಷ್ಟು ಸಣ್ಣ ಅಂತರ. ರ‍್ಯಾಲಿ ಬಿಡಲಿಲ್ಲ. ವಿಲಿಯಂ ರ‍್ಯಾಮ್ಸೆ ಜೊತೆಗೂಡಿದ, ಇಬ್ಬರೂ ಸೇರಿ ಆ ಹೆಚ್ಚುವರಿ ತೂಕದ ಒಡೆಯನನ್ನು ಹಿಡಿದರು. 1904ರಲ್ಲಿ ಒಬ್ಬನಿಗೆ ಭೌತವಿಜ್ಞಾನದ, ಇನ್ನೊಬ್ಬನಿಗೆ ರಸಾಯನವಿಜ್ಞಾನದ ನೊಬೆಲ್ ಬಂತು.

ಈ ರ‍್ಯಾಮ್ಸೆಯ ಋಣ ಕನ್ನಡನಾಡಿನ ಮೇಲಿದೆ. ಜಮ್‌ಷೆಟ್‌ಜಿ ಟಾಟಾ ಕನಸಿದ್ದ ವಿಜ್ಞಾನ ಸಂಸ್ಥೆಗೆ ತಕ್ಕ ಊರು ಯಾವುದೆಂದು ನೋಡಲು 1900ರಲ್ಲಿ ಭಾರತ ಸುತ್ತಿದ ಆತ, ಬೆಂಗಳೂರು ಸೂಕ್ತವೆಂದು ಶಿಫಾರಸು ಮಾಡಿದ. ಮೈಸೂರು ಸಂಸ್ಥಾನ ಕೊಟ್ಟ ನೆಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಎದ್ದಿತು. ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ರ‍್ಯಾಮ್ಸೆಯೊಂದಿಗೆ 1898ರಲ್ಲಿ ಕ್ರಿಪ್ಟಾನ್, ನಿಯಾನ್, ಜೆನಾನ್‌ಗಳನ್ನು ಕಂಡುಹಿಡಿದವನು. ಜಡ ಅನಿಲಗಳ ಇಡೀ ಮನೆತನವನ್ನು ಜಗತ್ತಿಗೆ ಪರಿಚಯಿಸಿದ ಕೈಗಳೇ ಮಲ್ಲೇಶ್ವರದ ಪಕ್ಕದ ಆ ಪ್ರಯೋಗಾಲಯಗಳಿಗೆ ಬುನಾದಿ ಹಾಕಿದವು ಎಂಬುದನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ.

ಸ್ಪೇನಿಗೆ ಮರಳೋಣ. ಸುಮಾರು 9 ಲಕ್ಷ ಹೆಕ್ಟೇರಿನಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿಸಿರುವ, ಆ ಲೆಕ್ಕದಲ್ಲಿ ಜಗತ್ತಿಗೇ ಮೊದಲನೆಯದಾದ ಆ ದೇಶದಲ್ಲಿ ವೈನನ್ನು ಬಿಡಿಯಾಗಿ ಮಾರುವುದು ಹೊಸದಲ್ಲ. ಬೊದೇಗಾ ಎಂಬ ಓಣಿಯ ವೈನ್ ಅಂಗಡಿಗಳಲ್ಲಿ ಪೀಪಾಯಿಗಳ ಸಾಲು ಇರುತ್ತದೆ. ಜನ ಮನೆಯಿಂದ ಬುರುಡೆ, ಬಾಟಲಿ ತಂದು ನಲ್ಲಿ ತಿರುಗಿಸಿ ಲೀಟರ್ ಲೆಕ್ಕದಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಈಗಲೂ ಅಂಥ ಅಂಗಡಿಗಳು ಉಳಿದಿವೆ. ಆ ಪೀಪಾಯಿಗಳಲ್ಲಿ ವೈನ್ ಇಳಿದಂತೆ ಗಾಳಿ ಏರುತ್ತದೆ, ಬೇಗ ಮಾರಿ ಮುಗಿಸುವುದೇ ರಕ್ಷಣೆ.

ಆದರೆ ದಕ್ಷಿಣದ ಹೆರೆಸ್ ಪಟ್ಟಣದವರಿಗೆ ಪ್ರಕೃತಿಯೇ ಒಂದು ಮುಚ್ಚಳ ಕೊಟ್ಟಿದೆ. ಶೆರಿ ಎಂದು ಜಗತ್ತು ಕರೆಯುವ ವೈನ್ ಅಲ್ಲಿಯದು. 600 ಲೀಟರ್ ಹಿಡಿಯುವ ಪೀಪಾಯಿಗೆ ಅವರು ಬೇಕೆಂದೇ 500 ಲೀಟರ್ ಮಾತ್ರ ತುಂಬುತ್ತಾರೆ. ಖಾಲಿ ಬಿಟ್ಟ ಜಾಗದಲ್ಲಿ, ವೈನಿನ ಮೇಲ್ಮೈಯಲ್ಲಿ, ಬೆಳ್ಳಗಿನ ಕೆನೆಯಂತೆ ಯೀಸ್ಟ್ ಹಬ್ಬುತ್ತದೆ. ಫ್ಲೋರ್ ಎನ್ನುತ್ತಾರೆ ಅದಕ್ಕೆ. ಆ ಯೀಸ್ಟ್ ಬದುಕುವುದು ಆಮ್ಲಜನಕವನ್ನು ಉಸಿರಾಡಿ, ಆಲ್ಕೋಹಾಲನ್ನು ತಿಂದು. ಅದು ದಟ್ಟವಾಗಿ ಹಬ್ಬಿರುವ ತನಕ ಕೆಳಗಿನ ವೈನಿಗೆ ಆಮ್ಲಜನಕ ದಕ್ಕುವುದಿಲ್ಲ. ವರ್ಷಗಟ್ಟಲೆ ಗಾಳಿಯಡಿ ಇದ್ದೂ ಫಿನೋ ಎಂಬ ಆ ವೈನ್ ತಿಳಿ ಹುಲ್ಲಿನ ಬಣ್ಣದಲ್ಲೇ ಉಳಿಯುತ್ತದೆ. ಇದಕ್ಕೆ ಒಂದು ಕಟ್ಟುನಿಟ್ಟಿದೆ: ಆಲ್ಕೋಹಾಲ್ ಶೇಕಡ 15ರ ಹತ್ತಿರ ಇರಬೇಕು. 17 ಮುಟ್ಟಿದರೆ ಯೀಸ್ಟ್ ಸಾಯುತ್ತದೆ, ಮುಚ್ಚಳ ಕರಗುತ್ತದೆ, ಗಾಳಿ ಒಳಗಿಳಿಯುತ್ತದೆ. ಕೆಲವು ಪೀಪಾಯಿಗಳಿಗೆ ಹೆರೆಸಿನವರು ಹೀಗೆ ತಿಳಿದೇ ಮಾಡುತ್ತಾರೆ. ಆಗ ಅಕ್ರೋಟು, ಒಣದ್ರಾಕ್ಷಿಯ ವಾಸನೆಯ, ಕಂದು ಬಣ್ಣದ ಒಲೊರೋಸೊ ಹುಟ್ಟುತ್ತದೆ. ಇನ್ನೂ ವಿಶೇಷವೆಂದರೆ ಫ್ಲೋರ್ ತನ್ನ ಜೀವನಕ್ರಮದಲ್ಲಿ ಹೊರಬಿಡುವುದು ಅಸಿಟಾಲ್ಡಿಹೈಡನ್ನು. ಕೆಂಪು ವೈನಿನಲ್ಲಿ ಕೆಟ್ಟಿತು ಎಂಬುದರ ಗುರುತಾದ ಅದೇ ವಾಸನೆ ಫಿನೋದ ಹೆಗ್ಗುರುತು, ಅದಕ್ಕಾಗಿಯೇ ಜನ ಅದನ್ನು ಕೊಳ್ಳುತ್ತಾರೆ. ಆಮ್ಲಜನಕವನ್ನು ವೈನಿನ ಶತ್ರು ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವವರು ಹೆರೆಸಿಗೆ ಒಮ್ಮೆ ಹೋಗಿಬರಬೇಕು. ಎಷ್ಟು ಗಾಳಿ, ಯಾವಾಗ, ಯಾರ ಅಪ್ಪಣೆಯಿಂದ ಎಂಬುದೇ ಅಲ್ಲಿ ಮುಖ್ಯ.

ವಲೆನ್ಸಿಯಾದ ಯಂತ್ರದಿಂದ ಆಗುವ ದೊಡ್ಡ ಉಪಕಾರ ಕಲಿಕೆಯದು. ನಗರದ ಪಶ್ಚಿಮಕ್ಕೆ, ಸಮುದ್ರಮಟ್ಟದಿಂದ 700ರಿಂದ 900 ಮೀಟರ್ ಎತ್ತರದ ಉತಿಯೆಲ್-ರೆಕೇನಾ ಬಯಲಿನಲ್ಲಿ ಬೊಬಾಲ್ ಎಂಬ ಕಪ್ಪು ದ್ರಾಕ್ಷಿ ಬೆಳೆಯುತ್ತಾರೆ. ಬಣ್ಣ, ಒಗರು ಎರಡೂ ಹೆಚ್ಚು. ಬಹುಕಾಲ ಇದನ್ನು ಬೇರೆ ವೈನಿಗೆ ಬಣ್ಣ ಕೊಡಲೆಂದು ಸಗಟಾಗಿ ಮಾರುತ್ತಿದ್ದರು, ಯಾರೂ ಅದರ ಹೆಸರು ಹೇಳಿ ಕುಡಿಯುತ್ತಿರಲಿಲ್ಲ. ಈಗ ಹಳೆಯ ಬಳ್ಳಿಗಳ ಹಣ್ಣಿನಿಂದ ಅದರದೇ ಹೆಸರಿನ ಒಳ್ಳೆಯ ವೈನ್ ಮಾಡುವವರಿದ್ದಾರೆ. ಓಕ್ ಮರದ ಪೀಪಾಯಿಯಲ್ಲಿಟ್ಟದ್ದು, ತಿನಾಹಾ ಎಂಬ ಮಣ್ಣಿನ ವಾಡೆಯಲ್ಲಿಟ್ಟದ್ದು, ಏನೂ ಮಾಡದೆ ಎಳೆಯದಾಗಿಯೇ ಬಾಟಲಿಗೆ ತುಂಬಿದ್ದು, ಮೂರನ್ನೂ ಒಂದೊಂದು ಗುಟುಕು ಪಕ್ಕಪಕ್ಕದಲ್ಲಿ ರುಚಿ ನೋಡಿದರೆ ಮರ ಏನು ಮಾಡುತ್ತದೆ, ಮಣ್ಣು ಏನು ಮಾಡುತ್ತದೆ ಎಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ. ಮೂರು ಬಾಟಲಿ ಕೊಂಡು ಇದನ್ನು ಮಾಡಲು ಸಾಮಾನ್ಯರಿಗೆ ಆಗುವುದಿಲ್ಲ. ಸಣ್ಣ ರೈತರ, ಹೆಸರಿಲ್ಲದ ತಳಿಗಳ ವೈನ್ ದೊಡ್ಡ ಹೆಸರುಗಳ ಪಕ್ಕದಲ್ಲಿ ಸಮಾನವಾಗಿ ನಿಲ್ಲುವ ಅವಕಾಶ ಈ ಗೋಡೆಯಲ್ಲಿದೆ. ಅದಕ್ಕಾಗಿಯೇ ನನಗೆ ಈ ಯಂತ್ರದ ಮೇಲೆ ಗೌರವ.

ಅದರ ಮಿತಿಗಳನ್ನೂ ಹೇಳಬೇಕು. ಕಾವಾದಂಥ ನೊರೆ ವೈನನ್ನು ಇದಕ್ಕೆ ಹೂಡಿದರೆ ಕೆಲಸ ಕೆಡುತ್ತದೆ. ಅದರ ಬಾಟಲಿಯೊಳಗೆ ವಾಯುಮಂಡಲದ ಐದಾರು ಪಟ್ಟು ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ, ಆ ಒತ್ತಡವನ್ನು ಹಿಡಿದಿಡಲು ಬೇರೆಯೇ ಬಗೆಯ ಯಂತ್ರ ಬೇಕು. ಬಾಟಲಿ ಖಾಲಿಯಾದಷ್ಟೂ ಅನಿಲ ತುಂಬಿದ ಜಾಗ ದೊಡ್ಡದಾಗಿ ವೈನಿನ ಘಮದ ಒಂದು ಪಾಲು ಅದರೊಳಕ್ಕೆ ಆವಿಯಾಗುತ್ತದೆ; ಹಾಗಾಗಿ ಮೂರು ವಾರ ದಾಟಿದ ಬಾಟಲಿಯ ಕೊನೆಯ ಗುಟುಕು ಕೆಟ್ಟಿರದಿದ್ದರೂ ಸಪ್ಪೆ ಎನಿಸಬಹುದು. ಮೂತಿಯ ತುದಿಯಲ್ಲಿ ನಿಂತ ಹನಿಗಳು ಮಾತ್ರ ಗಾಳಿಯಲ್ಲೇ ಇರುತ್ತವೆ, ಅಲ್ಲಿ ಅಸಿಟೋಬ್ಯಾಕ್ಟರ್ ಮನೆ ಮಾಡದಂತೆ ದಿನವೂ ತೊಳೆಯಬೇಕು. ಇನ್ನು ಬೆಂಡಿನಲ್ಲೇ ಹುಟ್ಟುವ ಟ್ರೈಕ್ಲೋರೋಅನಿಸೋಲ್ ಎಂಬ ರಾಸಾಯನಿಕ ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ವೈನಿಗೆ ಒದ್ದೆ ರಟ್ಟಿನ ವಾಸನೆ ಹತ್ತುತ್ತದೆ. ಯಂತ್ರಕ್ಕೆ ಮೂಗಿಲ್ಲ. ಬಾಟಲಿ ಹೂಡುವ ಮೊದಲು ಮನುಷ್ಯರೇ ರುಚಿ ನೋಡಬೇಕು.

ಮನುಷ್ಯರೇ ಇಟ್ಟುಕೊಳ್ಳಬೇಕಾದ ಇನ್ನೊಂದು ಲೆಕ್ಕವಿದೆ. ಶೇಕಡ 14 ಆಲ್ಕೋಹಾಲಿನ ವೈನಿನ 25 ಮಿಲಿಲೀಟರ್ ಗುಟುಕಿನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 2.8 ಗ್ರಾಂ. ಒಂದು ಗುಟುಕು ಏನೂ ಅನಿಸುವುದಿಲ್ಲ, ಎಂಟು ಸೇರಿದರೆ 22 ಗ್ರಾಂ. ಸಣ್ಣ ಪ್ರಮಾಣಗಳು ಎಣಿಕೆ ತಪ್ಪಿಸುತ್ತವೆ, ಕಾರ್ಡಿನಲ್ಲಿ ಕಡಿಮೆಯಾಗುವುದು ದುಡ್ಡು ಮಾತ್ರ. ಗೋಡೆಯ ಪಕ್ಕದಲ್ಲಿಟ್ಟ ಉಗುಳುವ ಪಾತ್ರೆಯನ್ನು ಬಳಸಲು ಸಂಕೋಚ ಬೇಡ. ವೈನ್ ತಿಳಿದವರೆಲ್ಲ ಬಳಸುತ್ತಾರೆ.

ಇಂಥ ಅಂಗಡಿ ಎಲ್ಲಿ ಸಿಕ್ಕಿದರೂ ಬಾಟಲಿ ತೆರೆದ ದಿನಾಂಕವನ್ನು ಮೊದಲು ಕೇಳಿ. ಒಳ್ಳೆಯವರು ಅದನ್ನು ಬಾಟಲಿಯ ಮೇಲೆಯೇ ಬರೆದಿಟ್ಟಿರುತ್ತಾರೆ. ಬಿಳಿ ವೈನಿನ ಪೆಟ್ಟಿಗೆ 8ರಿಂದ 10 ಡಿಗ್ರಿ, ಕೆಂಪಿನದು 16ರಿಂದ 18 ಡಿಗ್ರಿ ಇರಬೇಕು. ಅಂಕಿ ಹೊರಗೇ ಕಾಣುತ್ತದೆ. ಹಗುರವಾದ ಬಿಳಿಯಿಂದ ಶುರುಮಾಡಿ, ಒಗರು ಹೆಚ್ಚಿರುವ ಬೊಬಾಲ್‌ನಂಥದ್ದನ್ನು ಕೊನೆಗಿಟ್ಟುಕೊಳ್ಳಿ. ಒಮ್ಮೆ ನಾಲಿಗೆ ಒಗರಾದರೆ ಆಮೇಲೆ ಬಂದ ಬಿಳಿ ವೈನಿನ ನಯ ಅದಕ್ಕೆ ತಿಳಿಯುವುದಿಲ್ಲ.